ಶಹಜಾದಿ ಕೇಳಿದ ನಲವತ್ತು ನಿಮಿಷ

ನಮ್ಮ ಕಟ್ಟಡದ ಎರಡನೇ ಮಹಡಿಯ ಆ ಕೋಣೆಯಲ್ಲಿ ಕುರ್ಚಿ ಒಂದೇ ಇತ್ತು. ಇನ್ನೊಂದು ತಂದಿಡುತ್ತೇನೆ ಎಂದು ನಾನು ಎರಡು ಸಲ ಹೇಳಿದ್ದೆ. "ಯಾರು ಕೂಡ್ತಾರ್ರಿ ಅದ್ರಾಗೆ?" ಎಂದಿದ್ದರು ಶಹಜಾದಿ. ಆಮೇಲೆ ನಾನೂ ಬಿಟ್ಟೆ. ಹದಿನೇಳು ವರ್ಷ ಆ ಕೋಣೆಯಲ್ಲಿ ಕೂತವರು ಅವರೊಬ್ಬರೇ.

ಕಟ್ಟಡ ಇರುವುದು ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ. ಅದರ ಜನರೇಟರು, ಬ್ಯಾಟರಿ, ನೀರಿನ ಮೋಟರು ನನ್ನ ಸುಪರ್ದಿ. ಹೆಸರು ಉಚ್ಚೆಂಗಪ್ಪ. ಓದಿದ್ದು ಆರನೇ ಕ್ಲಾಸು. ಜನರೇಟರ್ ಕೋಣೆಯ ಪಕ್ಕದಲ್ಲೇ ನನ್ನ ಮಂಚ, ನನ್ನ ಸ್ಟವ್. ಸಿಟ್ಟು ಬೇಗ ಬರುತ್ತದೆ. ನಮ್ಮೂರು ಆನಗೋಡಿನ ಮನೆಯಲ್ಲಿ ನನ್ನ ಜೊತೆ ಮಾತಾಡುವವರು ಕಡಿಮೆ ಆಗಿದ್ದೂ ಅದರಿಂದಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಶಹಜಾದಿಯವರ ಕತೆಯಲ್ಲಿ ನನ್ನದೊಂದು ದೊಡ್ಡ ತಪ್ಪಿದೆ.

ಆ ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ಮೂರು ಯಂತ್ರಗಳಿದ್ದವು. ದಾವಣಗೆರೆ, ಹರಿಹರ ಮತ್ತು ಸುತ್ತಲಿನ ಸ್ಕ್ಯಾನಿಂಗ್ ಸೆಂಟರುಗಳು ತೆಗೆದ ಚಿತ್ರಗಳೆಲ್ಲ ಅಲ್ಲಿಗೆ ಬಂದು ಸೇರುತ್ತಿದ್ದವು. ಯಾರದೋ ತಲೆ, ಯಾರದೋ ಬೆನ್ನುಮೂಳೆ, ಯಾರದೋ ಕಿಡ್ನಿಯ ಕಲ್ಲು. ಡಾಕ್ಟರು ತಮ್ಮ ಕಂಪ್ಯೂಟರಿನಲ್ಲಿ ಹೆಸರು ಒತ್ತಿದರೆ ಚಿತ್ರ ಬರಬೇಕು. ಕಂಪನಿ ಬಸವಕಿರಣ್ ಅವರದ್ದು. ಅವರ ತಂದೆ ನಾಗರಾಜಪ್ಪನವರದು ಹಳೇ ದಿನಸಿ ವ್ಯಾಪಾರ. ಮಗ ಈ ಹೊಸ ವ್ಯಾಪಾರಕ್ಕೆ ಇಳಿದವರು. ಹಣ ಅವರದು, ಯಂತ್ರಗಳನ್ನು ಸಾಕಿದ್ದು ಶಹಜಾದಿ.

ಹರಿಹರದಿಂದ ದಿನಾ ರೈಲು. ಒಂಬತ್ತೂಕಾಲಿಗೆ ಗೇಟಿನ ಹತ್ತಿರ ಕಾಣುತ್ತಿದ್ದರು. ನೆರೆತ ಕೂದಲ ಮೇಲೆ ಕಪ್ಪು ದುಪಟ್ಟಾ, ಒಂದು ಕೈಯಲ್ಲಿ ಬುತ್ತಿ ಚೀಲ, ಇನ್ನೊಂದರಲ್ಲಿ ಸ್ಟೀಲಿನ ಫ್ಲಾಸ್ಕು. ಅವರ ತಂದೆ ಹಯಾತ್ ಸಾಬರು ಹರಿಹರದಲ್ಲಿ ಈಗ ಮುಚ್ಚಿಹೋಗಿರುವ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರಂತೆ. ಕಾರ್ಖಾನೆ ಮುಚ್ಚಿದ ಮೇಲೆ ಅವರು ಮನೆ ಹಿಡಿದರು, ಮಗಳು ಡಿಪ್ಲೊಮಾ ಮುಗಿಸಿ ದುಡಿಮೆ ಹಿಡಿದರು. ಮದುವೆಯ ಮಾತು ಎರಡು ಸಲ ಬಂದು ನಿಂತಿತು ಎಂದಷ್ಟೇ ಹೇಳಿದ್ದರು, ನಾನು ಕೆದಕಲಿಲ್ಲ. ಹೋದ ವರ್ಷದ ಹಿಂದಿನ ವರ್ಷ ತಂದೆಯೂ ತೀರಿಕೊಂಡರು. ಅವತ್ತಿನಿಂದ ಮನೆಯಲ್ಲೂ ಒಬ್ಬರೇ, ಇಲ್ಲೂ ಒಬ್ಬರೇ.

ಅವರ ಕೆಲಸ ಏನು ಎಂದು ಈ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಳಗಿನ ಮೆಡಿಕಲ್ ಶಾಪಿನ ಅಂಜನಕುಮಾರ ಅವರನ್ನು ಟೈಪಿಂಗ್ ಮೇಡಂ ಎಂದು ಕರೆಯುತ್ತಿದ್ದ.

"ಟೈಪಿಂಗ್ ಅಲ್ರಿ," ಎಂದರು ಒಮ್ಮೆ.

"ಮತ್ತೆ?"

"ಯಂತ್ರ ಬೀಳದಂಗೆ ನೋಡ್ಕೊಳ್ಳೋದು."

"ಬೀಳೋದು ಅಂದ್ರೆ? ಗೋಡೆಗೆ ಬೋಲ್ಟ್ ಹಾಕ್ಸಿಲ್ವಾ?" ಎಂದು ಅಂಜನಕುಮಾರ ನಕ್ಕ. ಅವರೂ ನಕ್ಕು ಮೇಲೆ ಹೋದರು. ಮತ್ತೆ ತಿದ್ದಲಿಲ್ಲ.

ಸಂಜೆ ನಾಲ್ಕಕ್ಕೆ ಮಾತ್ರ ಕೆಳಗಿಳಿದು ಬರುತ್ತಿದ್ದರು. ಜನರೇಟರ್ ಕೋಣೆಯ ಮೆಟ್ಟಿಲ ಮೇಲೆ ಕೂತು ಫ್ಲಾಸ್ಕಿನ ಚಾ ಎರಡು ಭಾಗ ಮಾಡುತ್ತಿದ್ದರು. ಮುಚ್ಚಳದಲ್ಲಿ ಅವರಿಗೆ, ಲೋಟದಲ್ಲಿ ನನಗೆ. ನನ್ನ ಸಿಟ್ಟಿಗೆ ಹೆದರದೆ ನನ್ನ ಜೊತೆ ದಿನಾ ಹತ್ತು ನಿಮಿಷ ಕೂತವರು ಅವರೊಬ್ಬರೇ.

ಬೀಳುವ ಕಾಯಿಲೆ ಶುರುವಾಗಿದ್ದು ಯುಗಾದಿ ಕಳೆದ ಮೇಲೆ. ಮೂರು ಯಂತ್ರಗಳಲ್ಲಿ ದೊಡ್ಡದಕ್ಕೆ. ಅದರ ಹೊಟ್ಟೆಯಲ್ಲಿ ಅರವತ್ತು ಡಿಸ್ಕುಗಳಿದ್ದವು. ಪ್ರತಿ ಸೋಮವಾರ ಬೆಳಗ್ಗೆ ಆರಕ್ಕೆ ಅದು ಅಷ್ಟೂ ಡಿಸ್ಕುಗಳನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತಿತ್ತು. ಅದೇ ಹೊತ್ತಿಗೆ ಭಾನುವಾರ ಉಳಿದ ಚಿತ್ರಗಳನ್ನೆಲ್ಲ ಸೆಂಟರಿನವರು ಒಟ್ಟಿಗೆ ಕಳಿಸುತ್ತಿದ್ದರು. ಎಲ್ಲಾ ಸೋಮವಾರ ಅಲ್ಲ, ಆದರೆ ಬಿದ್ದರೆ ಸೋಮವಾರವೇ, ಏಳು ಗಂಟೆಯ ಆಸುಪಾಸು. ಬೀಳುವುದು ಎಂದರೆ ನಿಂತುಬಿಡುವುದು. ಪರದೆ ಕಪ್ಪಾಗಿ, ಅದರ ತುಂಬ ಬಿಳಿ ಅಕ್ಷರದ ಸಾಲುಗಳು. ಕರ್ನಲ್ ಬಿತ್ತು ಎನ್ನುತ್ತಿದ್ದರು ಶಹಜಾದಿ. ಕರ್ನಲ್ ಅಂದರೆ ಏನು ಎಂದು ಕೇಳಿದ್ದಕ್ಕೆ, "ಮೇಸ್ತ್ರಿ ಅಂತ ತಿಳ್ಕೊಳ್ರಿ. ಒಳಗೆ ನೂರು ಕೆಲಸ ನಡೀತಾವೆ. ಯಾರಿಗೆ ಯಾವಾಗ ಜಾಗ, ಯಾರಿಗೆ ಯಾವಾಗ ಡಿಸ್ಕು ಅಂತ ಹಂಚೋನು ಅವನು. ಅವನೇ ಬಿದ್ರೆ ಯಾವ ಕೆಲಸಾನೂ ಇಲ್ಲ" ಎಂದಿದ್ದರು.

"ಭಾರ ಜಾಸ್ತಿ ಆಗಿ ಬಿದ್ದೈತೆ, ಬಿಡ್ರಿ."

"ಭಾರ ಜಾಸ್ತಿ ಆದ್ರೆ ನಿಧಾನ ಆಗ್ಬೇಕು ಉಚ್ಚೆಂಗಪ್ಪ. ಬೀಳಬಾರದು. ಬಿತ್ತು ಅಂದ್ರೆ ಒಳಗೆ ಎಲ್ಲೋ ತಪ್ಪೈತೆ."

ಮೊದಲ ಸಲ ಬಿದ್ದಾಗ ಬಸವಕಿರಣ್ ಅವರು ಬೆಳಗ್ಗೆ ಏಳೂಕಾಲಿಗೆ ನನಗೆ ಫೋನು ಮಾಡಿದರು. ಡಾಕ್ಟರುಗಳು ಅವರ ತಲೆ ತಿನ್ನುತ್ತಿದ್ದರು. "ನಿನ್ ಹತ್ರ ಕೀ ಐತಲ್ಲ? ಹೋಗಿ ದೊಡ್ಡ ಮಷೀನಿನ ಬಟನ್ ಒತ್ತಿ ಹಿಡ್ಕೊ. ಆಫ್ ಮಾಡಿ ಆನ್ ಮಾಡು. ಮೇಡಂಗೆ ಹೇಳಬ್ಯಾಡ. ಕೇಳಿದ್ರೆ ಅದೂ ಇದೂ ಅಂತ ಗಂಟೆಗಟ್ಲೆ ನೋಡ್ತಾ ಕೂಡ್ತಾರೆ."

ಹೋದೆ, ಒತ್ತಿದೆ. ಹತ್ತು ನಿಮಿಷಕ್ಕೆ ಯಂತ್ರ ಎದ್ದಿತು. ಮೋಟರು ನಿಂತರೂ ಸ್ಟಾರ್ಟರ್ ಆಫ್ ಮಾಡಿ ಆನ್ ಮಾಡುವವನು ನಾನು; ಇದರಲ್ಲೇನು ವಿಶೇಷ ಅನ್ನಿಸಿತು. "ಹದಿನೇಳು ವರ್ಷದ ಎಕ್ಸ್‌ಪರ್ಟಿಗಿಂತ ನೀನೇ ಬೆಟರ್ ಕಣೋ," ಎಂದರು ಬಸವಕಿರಣ್. ಆ ಮಾತು ನನ್ನ ತಲೆಗೆ ಏರಿತು. ಒಂಬತ್ತೂಕಾಲಿಗೆ ಶಹಜಾದಿ ಬಂದು, "ಬಿದ್ದಿತ್ತಂತೆ?" ಎಂದು ಕೇಳಿದಾಗ, "ಬಿದ್ದಿತ್ತು. ತಾನೇ ಎದ್ದೈತೆ" ಎಂದೆ.

ಹೀಗೆ ಮೂರು ತಿಂಗಳಲ್ಲಿ ಐದು ಸಲ. ಐದು ಸಲವೂ ನಾನು ಒತ್ತಿದೆ, ಐದು ಸಲವೂ ಅದೇ ಸುಳ್ಳು.

ಅವರು ಆ ಮೂರು ತಿಂಗಳು ಏನು ಮಾಡಿದರು ಎಂಬುದು ನನಗೆ ಚಾ ಕುಡಿಯುವಾಗ ಚೂರು ಚೂರಾಗಿ ತಿಳಿಯಿತು. ಮೆಮೊರಿ ಬಿಚ್ಚಿ ಒಂದೊಂದೇ ಪಟ್ಟಿ ಪರೀಕ್ಷೆ ಮಾಡಿದರು. ಕೇಬಲ್ ಬದಲಿಸಿದರು. ಬ್ಯಾಟರಿಯ ಮೇಲೆ ಅನುಮಾನ ಬಂದು ನನ್ನನ್ನೂ ಕರೆದು ವೋಲ್ಟೇಜು ನೋಡಿಸಿದರು. ನಾನು ಮೀಟರ್ ಹಿಡಿದು, "ನನ್ನ ಬ್ಯಾಟರಿ ಮೇಲೆ ಡೌಟಾ? ನಿಮ್ಮ ಕೆಲಸ ನೀವು ಸರಿಯಾಗಿ ನೋಡ್ಕೊಳ್ರಿ ಮೊದ್ಲು" ಎಂದು ರೇಗಿದೆ. ಅವರು ಮೀಟರಿನ ಅಂಕಿ ಬರೆದುಕೊಂಡರು. ಈಗ ಆ ಮಾತು ನೆನಪಾದರೆ ನಾಲಿಗೆ ಕಹಿಯಾಗುತ್ತದೆ.

ಮೂರು ಸೋಮವಾರ ಮೊದಲನೇ ಬಸ್ಸಿಗೆ ಬಂದು ಯಂತ್ರದ ಮುಂದೆ ಕೂತರು. ಆ ಮೂರೂ ಸೋಮವಾರ ಬೀಳಲಿಲ್ಲ. ನಾಲ್ಕನೆಯದಕ್ಕೆ ಜ್ವರ ಬಂದು ಮನೆಯಲ್ಲಿದ್ದರು, ಅವತ್ತು ಬಿತ್ತು.

ಆಷಾಢದ ಒಂದು ದಿನ ಬಸವಕಿರಣ್ ಮೇಲೆ ಬಂದು ನಿಂತೇ ಮಾತಾಡಿದರು. ನಾನು ಎ.ಸಿ.ಯ ನೀರು ತೆಗೆಯುತ್ತಿದ್ದೆ.

"ಮೇಡಂ, ಓಪನ್ ಆಗಿ ಹೇಳ್ತೀನಿ. ಇನ್ನೊಂದು ಸಲ ಬಿದ್ರೆ ಎಲ್ಲಾನೂ ಹೊರಗಿನ ಕಂಪನಿಗೆ ಕೊಟ್ಬಿಡ್ತೀನಿ. ರೂಮು ಖಾಲಿ ಮಾಡೋದೇ."

"ಕಾರಣ ಸಿಕ್ರೆ ಬೀಳಲ್ಲ ಸರ್."

"ಮೂರು ತಿಂಗ್ಳಾಯ್ತು."

"ಕಾರಣ ಸಿಗ್ಬೇಕು ಅಂದ್ರೆ ಇನ್ನೊಂದು ಸಲ ಬೀಳಬೇಕು ಸರ್," ಎಂದರು ಶಹಜಾದಿ, ಮೆಲ್ಲಗೆ.

ಬಸವಕಿರಣ್ ನನ್ನ ಕಡೆ ನೋಡಿ ಹುಬ್ಬು ಏರಿಸಿ ಹೋದರು.

ಅವತ್ತು ನಾಲ್ಕಕ್ಕೆ ಚಾ ಕುಡಿಯುತ್ತ ಶಹಜಾದಿ, "ಒಂದು ಕತೆ ಹೇಳ್ತೀನಿ ಕೇಳ್ರಿ," ಎಂದರು. "ನಮ್ಮ ಅಬ್ಬಾ ಫ್ಯಾಕ್ಟರಿಯಾಗೆ ಯಾವ ಲೇತ್ ಜಾಮ್ ಆದ್ರೂ ಮೊದಲು ಒಂದು ಸೀಮೆಸುಣ್ಣ ತಗೊಂಡು ಅದರ ಸುತ್ತ ನೆಲದ ಮೇಲೆ ಗೆರೆ ಎಳೀತಿದ್ರಂತೆ. ಅವರು ನೋಡಿ ಮುಗಿಸೋ ತನಕ ಗೆರೆಯೊಳಗೆ ಯಾರೂ ಕಾಲಿಡಂಗಿಲ್ಲ. ಸೂಪರ್‌ವೈಸರ್ ಬಂದ್ರೂ ಇಲ್ಲ. ಯಂತ್ರ ಹೆಂಗೆ ನಿಂತೈತೋ ಹಂಗೇ ನೋಡಬೇಕು, ಅಲ್ಲಾಡಿಸಿದ್ರೆ ಕಾಯಿಲೆ ಅಳಿಸಿಹೋಗತೈತೆ ಅಂತಿದ್ರು."

"ನಿಮ್ಮ ಯಂತ್ರಕ್ಕೂ ಗೆರೆ ಎಳೀರಿ ಮತ್ತೆ."

"ನಮ್ಮದಕ್ಕೆ ಗೆರೆ ತಾನೇ ಎಳ್ಕೊಳ್ಳತೈತೆ. ಬಿದ್ದ ಕೂಡ್ಲೇ ಒಳಗೆ ಇನ್ನೊಂದು ಸಣ್ಣ ಮೇಸ್ತ್ರಿ ಏಳ್ತಾನೆ. ಅವನಿಗೆ ಒಂದೇ ಕೆಲಸ. ಬೀಳೋ ಹೊತ್ತಿಗೆ ಯಂತ್ರದ ನೆನಪಿನಾಗೆ ಏನೇನಿತ್ತೋ ಅಷ್ಟನ್ನೂ ಒಂದು ಕಡೆ ಬರೆದಿಡೋದು. ದೊಡ್ಡ ಯಂತ್ರ, ಬರಿಯೋಕೆ ನಲವತ್ತು ನಿಮಿಷ ಬೇಕು. ಬರೆದು ಮುಗಿಸಿ ತಾನೇ ಎಬ್ಬಿಸ್ತಾನೆ. ಆದ್ರೆ ಐದು ಸಲಾನೂ ಅರ್ಧಕ್ಕೇ ನಿಲ್ಲಿಸಿದಾನೆ. ಹತ್ತು ನಿಮಿಷದ್ದು ಬರೆದಿದಾನೆ, ಆಮೇಲೆ ಖಾಲಿ. ಯಾಕ ಅಂತ ಗೊತ್ತಾಗ್ತಾ ಇಲ್ಲ. ಅವನಿಗೆ ಜಾಗ ಸಾಲಲ್ಲ ಅಂದ್ಕೊಂಡು ಮೂರು ಸಲ ಜಾಗ ಹೆಚ್ಚಿಸಿದೆ. ನನಗೇ ಕೆಲಸ ಮರೆತು ಹೋಗೈತೇನೋ ಅನ್ನಿಸ್ತೈತೆ. ಕೇಳೋಕೆ ಯಾರಿದಾರೆ ಇಲ್ಲಿ?"

ನಾನು ಲೋಟ ಕೆಳಗಿಟ್ಟೆ. ಹತ್ತು ನಿಮಿಷ. ಬಸವಕಿರಣ್ ಫೋನು ಮಾಡುವುದು, ನಾನು ಮೆಟ್ಟಿಲು ಹತ್ತುವುದು, ಬೀಗ ತೆಗೆಯುವುದು, ಎಲ್ಲ ಸೇರಿ ಹತ್ತು ನಿಮಿಷ. ಪರದೆಯ ಕೊನೆಯ ಸಾಲಿನಲ್ಲಿ ನೂರಕ್ಕೆ ಎಷ್ಟು ಬರೆದಾಯಿತು ಎಂಬ ಅಂಕಿ ಏರುತ್ತಿದ್ದುದನ್ನು ಐದು ಸಲವೂ ನೋಡಿದ್ದೆ. ಇಪ್ಪತ್ತಮೂರು, ಇಪ್ಪತ್ತನಾಲ್ಕು. ನೋಡಿ ಒತ್ತಿದ್ದೆ.

"ಒತ್ತಿದ್ದು ನಾನು," ಎಂದೆ.

"ಏನು?"

"ಬಟನ್ನು. ಐದು ಸಲಾನೂ. ಸಾಹೇಬ್ರು ಹೇಳಿದ್ರು. ತಾನೇ ಎದ್ದೈತೆ ಅಂದಿದ್ದು ಸುಳ್ಳು."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವರು ಮುಚ್ಚಳದಲ್ಲಿ ಉಳಿದಿದ್ದ ಚಾವನ್ನು ಮೆಟ್ಟಿಲ ಪಕ್ಕದ ಗಿಡಕ್ಕೆ ಸುರಿದರು. ನಲ್ಲಿಯಲ್ಲಿ ಮುಚ್ಚಳ ತೊಳೆದು ಫ್ಲಾಸ್ಕಿಗೆ ತಿರುವಿದರು.

"ಮೂರು ತಿಂಗ್ಳು ನಾನು ನನ್ನ ಮೇಲೇ ಅನುಮಾನ ಪಟ್ಟೆನಲ್ಲ ಉಚ್ಚೆಂಗಪ್ಪ," ಎಂದರು. ಅಷ್ಟೇ. ಮೇಲೆ ಹೋದರು. ಸಂಜೆ ರೈಲಿಗೆ ಹೋಗುವಾಗ ನನ್ನ ಕಡೆ ನೋಡಲಿಲ್ಲ.

ಮಾರನೇ ದಿನ ಒಂದು ದೊಡ್ಡ ಹಾಳೆ ಹಿಡಿದು ನನ್ನ ಬಾಗಿಲಿಗೆ ಬಂದರು. ಕನ್ನಡದಲ್ಲಿ, ಗುಂಡು ಗುಂಡಾಗಿ ಬರೆದಿತ್ತು: ಯಂತ್ರ ಬಿದ್ದರೆ ನಲವತ್ತು ನಿಮಿಷ ಯಾರೂ ಮುಟ್ಟಬಾರದು.

"ಓದ್ರಿ."

ಓದಿದೆ.

"ಸೋಮವಾರ ನಾನು ಮೊದಲನೇ ಬಸ್ಸಿಗೆ ಬರ್ತೀನಿ. ನೀವು ಬಾಗ್ಲಾಗೆ ನಿಂದ್ರಬೇಕು. ಯಾರು ಬಂದ್ರೂ ಒಳಗೆ ಬಿಡಬಾರದು."

"ಸಾಹೇಬ್ರು ಬಂದ್ರೆ?"

"ಸೂಪರ್‌ವೈಸರ್ ಬಂದ್ರೂ ಇಲ್ಲ," ಎಂದರು. ಹಾಳೆಯನ್ನು ದೊಡ್ಡ ಯಂತ್ರದ ಬಾಗಿಲಿಗೆ ಅಂಟಿಸಿದರು. ಅವತ್ತು ನಾಲ್ಕಕ್ಕೆ ಕೆಳಗೆ ಬರಲಿಲ್ಲ. ಅದಾದ ಮೇಲೂ ಬರಲಿಲ್ಲ. ನನ್ನ ಲೋಟ ಕಿಟಕಿಯಲ್ಲಿ ಬೋರಲಾಗಿಯೇ ಇತ್ತು.

ಮೊದಲ ಸೋಮವಾರ ಏನೂ ಆಗಲಿಲ್ಲ. ಎರಡನೆಯದೂ ಹಾಗೇ ಕಳೆಯಿತು. ಯಂತ್ರ ಬೀಳಲಿ ಎಂದು ಕಾಯುವುದು, ಬಿದ್ದರೆ ಕೋಣೆಯೇ ಹೋಗುತ್ತದೆ ಎಂದು ಹೆದರುವುದು, ಎರಡನ್ನೂ ಆ ಹೆಂಗಸು ಒಂದೇ ಕುರ್ಚಿಯಲ್ಲಿ ಕೂತು ಮಾಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಅವರ ಬೆನ್ನು ನೋಡುತ್ತಿದ್ದೆ.

ಮೂರನೇ ಸೋಮವಾರ ಏಳು ಗಂಟೆ ಆರು ನಿಮಿಷಕ್ಕೆ ಬಿತ್ತು.

ಬೀಳುವಾಗ ಸದ್ದೇನೂ ಆಗುವುದಿಲ್ಲ. ಅರವತ್ತು ಡಿಸ್ಕಿನ ಹಸಿರು ದೀಪಗಳು ಮಿಣಮಿಣ ಅನ್ನುತ್ತಿದ್ದವು, ಒಮ್ಮೆಲೇ ಸುಮ್ಮನಾದವು. ಪರದೆ ಕಪ್ಪಾಯಿತು, ಬಿಳಿ ಸಾಲುಗಳು ಬಂದವು. ಆಮೇಲೆ ಕೆಳಗೆ ಅಂಕಿ ಶುರುವಾಯಿತು. ಒಂದು. ಎರಡು.

ಶಹಜಾದಿ ಎರಡನೇ ಯಂತ್ರದ ಕಡೆ ತಿರುಗಿ ಏನೋ ಒತ್ತಿದರು. ನಿನ್ನೆಯವರೆಗಿನ ಚಿತ್ರಗಳ ನಕಲು ಅದರಲ್ಲಿತ್ತು. ಡಾಕ್ಟರುಗಳಿಗೆ ಅಲ್ಲಿಂದ ಕಾಣುವ ಹಾಗೆ ಮೊದಲೇ ಏರ್ಪಾಡು ಮಾಡಿಕೊಂಡಿದ್ದರು. ಸ್ವಲ್ಪ ನಿಧಾನ, ಆದರೆ ಕಾಣುತ್ತಿತ್ತು. ನನ್ನ ಫೋನು ಹೊಡೆದುಕೊಂಡಿತು. ನಾನು ತೆಗೆಯಲಿಲ್ಲ. ಮತ್ತೆ ಹೊಡೆದುಕೊಂಡಿತು. ಆಫ್ ಮಾಡಿದೆ.

ಅಂಕಿ ಮೂವತ್ತೊಂದು ಇದ್ದಾಗ ಬಸವಕಿರಣ್ ಮೆಟ್ಟಿಲು ಹತ್ತಿ ಬಂದರು. ಮನೆಯ ಚಪ್ಪಲಿಯಲ್ಲೇ ಬಂದಿದ್ದರು.

"ಫೋನ್ ಯಾಕೋ ಎತ್ತಲ್ಲ? ಸರಿ, ಬಟನ್ ಒತ್ತು."

"ಒತ್ತಂಗಿಲ್ರಿ. ಬರೀತಾ ಐತೆ."

"ಏನ್ ಬರೀತಾ ಐತೆ?"

"ತಾನು ಹೆಂಗೆ ಬಿದ್ದೆ ಅಂತ."

ಅವರು ನನ್ನ ಮುಖ ನೋಡಿದರು. ನಾನು ಕುಡಿದಿದ್ದೇನೆ ಅಂದುಕೊಂಡಿರಬೇಕು. ನನ್ನ ಭುಜದ ಮೇಲಿಂದ ಒಳಗೆ ಇಣುಕಿ, "ಮೇಡಂ, ಪೇಷಂಟ್ಸ್ ಕಾಯ್ತಾ ಇದಾರೆ!" ಎಂದರು.

"ಎರಡನೇದ್ರಿಂದ ಕಾಣ್ತಾ ಐತೆ ಸರ್. ಹೊಸವು ಸೆಂಟರಿನಾಗೇ ಇದಾವೆ, ಕಳೆಯಲ್ಲ. ಬೇಕಿದ್ರೆ ಈಗ್ಲೇ ಯಾವ ಡಾಕ್ಟ್ರಿಗಾದ್ರೂ ಕೇಳಿ ನೋಡ್ರಿ."

"ನಾನು ಹೇಳಿದ್ದು ನೆನಪೈತಲ್ಲ? ಇನ್ನೊಂದು ಸಲ ಬಿದ್ರೆ ಅಂತ?"

"ಐತೆ ಸರ್. ಈಗ ಒತ್ತಿದ್ರೂ ಬಿದ್ದಿದ್ದು ಬಿದ್ದಂಗೇ ಅಲ್ವಾ?"

ಶಹಜಾದಿ ತಿರುಗಿ ನೋಡದೆ ಹೇಳಿದರು. ಕಣ್ಣು ಅಂಕಿಯ ಮೇಲಿತ್ತು. ಮೂವತ್ತನಾಲ್ಕು.

"ಉಚ್ಚೆಂಗಪ್ಪ, ನಿಂಗೆ ಸಂಬಳ ಕೊಡೋದ್ ಯಾರು?"

"ನೀವೇ. ಮುಂದಿನ ತಿಂಗ್ಳದ್ದು ಕೊಡಬ್ಯಾಡ್ರಿ. ಇವತ್ತು ಈ ಹೊಸ್ತಿಲು ಮಾತ್ರ ದಾಟಬ್ಯಾಡ್ರಿ," ಎಂದೆ. ದನಿ ಏರಿತ್ತು. ಕೆಳಗಿನಿಂದ ಅಂಜನಕುಮಾರ "ಏನಾಯ್ತು?" ಎಂದು ಕೂಗಿದ. "ನಿನ್ ಮಾತ್ರೆ ಎಣಿಸ್ಕಳೋ!" ಎಂದು ಅವನಿಗೂ ಬಿಟ್ಟೆ. ಬಸವಕಿರಣ್ ಕೆಟ್ಟವರಲ್ಲ. ತಳ್ಳಿ ಒಳಗೆ ಹೋಗಬಹುದಿತ್ತು, ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು ಡಾಕ್ಟರುಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡಿ ಸಮಾಧಾನ ಹೇಳತೊಡಗಿದರು.

ಮೂವತ್ತೆಂಟು ನಿಮಿಷ ಹಿಡಿಯಿತು. ನೂರು ಎಂದು ಬಂತು. ಯಂತ್ರ ತಾನೇ ಆರಿ, ತಾನೇ ಎದ್ದಿತು. ಹಸಿರು ದೀಪಗಳು ಮತ್ತೆ ಮಿಣುಕಿದವು. ಶಹಜಾದಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತರು. ಅಳುತ್ತಿದ್ದರೋ ಏನೋ, ನನಗೆ ಕಂಡಿದ್ದು ಬೆನ್ನು ಮಾತ್ರ.

ಬರೆದಿಟ್ಟಿದ್ದನ್ನು ಓದಲು ಅವರಿಗೆ ಹನ್ನೊಂದು ದಿನ ಬೇಕಾಯಿತು. ಇಂಥದ್ದನ್ನು ಓದಬಲ್ಲ ಜನ ಹೊರದೇಶದಲ್ಲಿ ಇದ್ದಾರಂತೆ, ಕೇಳಿದರೆ ಸಹಾಯ ಮಾಡುತ್ತಾರಂತೆ. "ಕಳಿಸಿಬಿಡ್ರಿ ಮತ್ತೆ" ಎಂದೆ, ಎ.ಸಿ. ನೋಡುವ ನೆಪದಲ್ಲಿ ಮೇಲೆ ಹೋದಾಗ.

"ಯಂತ್ರದ ನೆನಪಿನಾಗೆ ಜನರ ಹೆಸರೈತೆ, ಕಾಯಿಲೆ ಐತೆ. ಯಾರಿಗೂ ಕಳಿಸಂಗಿಲ್ಲ. ನಾನೇ ಓದಬೇಕು."

ಹನ್ನೊಂದನೇ ದಿನ ನನ್ನನ್ನು ಮೇಲೆ ಕರೆದರು. ಹೇಳಲು ಬೇರೆ ಯಾರೂ ಇರಲಿಲ್ಲ ಎಂದೇ ಕರೆದಿರಬೇಕು.

"ಅಶೋಕ ರಸ್ತೆ ರೈಲ್ವೆ ಗೇಟ್ ಗೊತ್ತಲ್ಲ? ಗೇಟ್ ಹಾಕಿದಾಗ ಎರಡೂ ಕಡೆಯೋರು ಪೂರ್ತಿ ರಸ್ತೆ ತುಂಬಿ ನಿಂತ್ಬಿಟ್ರೆ, ತೆಗೆದ ಮೇಲೆ ಏನಾಗತೈತೆ?"

"ಯಾರೂ ಹೋಗಂಗಿಲ್ಲ. ಬೈದಾಡ್ತಾರೆ."

"ಇಲ್ಲೂ ಅದೇ. ಮೆಮೊರಿ ತುಂಬೈತೆ. ಖಾಲಿ ಆಗಬೇಕು ಅಂದ್ರೆ ಚಿತ್ರ ಡಿಸ್ಕಿಗೆ ಇಳೀಬೇಕು. ಡಿಸ್ಕಿಗೆ ಇಳಿಸೋ ತಂತ್ರಾಂಶ, ಅದಕ್ಕೆ ಡ್ರೈವರ್ ಅಂತೀವಿ, ಅದು ಕೆಲಸ ಮಾಡೋಕೆ ಇನ್ನಷ್ಟು ಮೆಮೊರಿ ಕೇಳ್ಕೊಂಡು ನಿಂತೈತೆ. ಅದು ಇದಕ್ಕೆ ಕಾಯ್ತೈತೆ, ಇದು ಅದಕ್ಕೆ ಕಾಯ್ತೈತೆ. ತಪಾಸಣೆ ನಡೆದಾಗ ಮಾತ್ರ ಹಿಂಗಾಗೋದು. ಎರಡು ನಿಮಿಷ ಯಾರೂ ಅಲ್ಲಾಡದಿದ್ರೆ ಮೇಸ್ತ್ರಿ ತಾನೇ ಬೀಳ್ತಾನೆ. ಡ್ರೈವರಿನ ತಪ್ಪು. ನನ್ನದಲ್ಲ," ಎಂದರು. ಪರದೆ ನೋಡುತ್ತ, "ನನ್ನದಲ್ಲ" ಎಂದು ಮತ್ತೊಮ್ಮೆ ಹೇಳಿದರು.

ಡ್ರೈವರನ್ನು ತಾವೇ ನಾಲ್ಕು ಸಾಲು ತಿದ್ದಿದರು. ತಿದ್ದಿದ್ದನ್ನು ಜನರ ಹೆಸರಿಲ್ಲದ ವಿವರದ ಜೊತೆ ಆ ಡ್ರೈವರ್ ಬರೆದವರಿಗೆ ಕಳಿಸಿದರು. ಎಲ್ಲಿಯವರೋ ಯಾರೋ ಎರಡು ಸಾಲು ಉತ್ತರ ಬರೆದರಂತೆ, ಸರಿಯಾಗಿದೆ, ಸೇರಿಸಿಕೊಳ್ಳುತ್ತೇವೆ ಎಂದು. ಇದನ್ನು ಬರೆದದ್ದು ಹರಿಹರದ ಹೆಂಗಸು, ಫಿಟ್ಟರನ ಮಗಳು ಎಂದು ಅವರಿಗೆ ಗೊತ್ತಿರಲಿಕ್ಕಿಲ್ಲ.

ಬಸವಕಿರಣ್ ಅಷ್ಟರಲ್ಲಿ ಹೊರಗಿನ ಕಂಪನಿಯ ಕಾಗದಕ್ಕೆ ಸಹಿ ಹಾಕಿ ಆಗಿತ್ತು. "ನಾನು ಹನ್ನೊಂದು ದಿನ ಹೆಂಗೆ ಕಾಯ್ಲಿ ಮೇಡಂ? ಡಾಕ್ಟ್ರುಗಳು ಬಿಡ್ಬೇಕಲ್ಲ," ಎಂದರು. ತಮ್ಮ ತಂದೆಯವರ ದಿನಸಿ ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳಿ ಎಂದೂ ಕೇಳಿದರು. ಶಹಜಾದಿ ಬೇಡ ಎಂದರು. ನನ್ನ ಸಂಬಳ ಮಾತ್ರ ಯಾರೂ ನಿಲ್ಲಿಸಲಿಲ್ಲ.

ಚಿತ್ರಗಳನ್ನೆಲ್ಲ ಅತ್ತ ಸಾಗಿಸಲು ಎರಡು ತಿಂಗಳು ಹಿಡಿಯಿತು. ಅಷ್ಟೂ ಸೋಮವಾರ ಯಂತ್ರ ಬೀಳಲಿಲ್ಲ. ಹಿಂದೆಂದೂ ಇಲ್ಲದಷ್ಟು ಭಾರ ಹೊತ್ತು ಓಡಿತು. ಅದನ್ನು ನೋಡಲು ಕೋಣೆಯಲ್ಲಿ ಅವರು, ಬಾಗಿಲಲ್ಲಿ ನಾನು.

ಕೊನೆಯ ದಿನ ಡಿಸ್ಕುಗಳನ್ನೆಲ್ಲ ಅಳಿಸಿದರು. ಬರೆದಿಟ್ಟ ಆ ನೆನಪನ್ನೂ ಅಳಿಸಿದರು. ಆಮೇಲೆ ಯಂತ್ರಗಳನ್ನು ಒಂದೊಂದಾಗಿ ಮಲಗಿಸಿದರು. ದೊಡ್ಡದರ ಪರದೆ ಆರಿದ ಮೇಲೂ ಸಣ್ಣದೊಂದು ದೀಪ ಉಳಿದಿತ್ತು.

"ಬರ್ರಿ," ಎಂದು ಕರೆದರು. "ಈಗ ಒತ್ರಿ."

ಆ ಗುಂಡಿಯ ಹತ್ತಿರ ಬೆರಳು ಒಯ್ಯಲು ನನಗೆ ಹೊತ್ತು ಹಿಡಿಯಿತು. ಒತ್ತಿದೆ. ಫ್ಯಾನುಗಳು ನಿಧಾನವಾಗಿ ಇಳಿದು ನಿಂತವು. ಹದಿನೇಳು ವರ್ಷದಲ್ಲಿ ಆ ಕೋಣೆಯಲ್ಲಿ ಮೊದಲ ಸಲ ರಸ್ತೆಯ ಸದ್ದು ಕೇಳಿಸಿತು. ಯಾರೋ ತರಕಾರಿ ಗಾಡಿಯವನು ಕೊತ್ತಂಬರಿ ಎಂದು ಕೂಗುತ್ತಿದ್ದ.

ಅವರು ಫ್ಲಾಸ್ಕು ತೆಗೆದರು. ಮುಚ್ಚಳಕ್ಕೆ ಸುರಿದು ನನ್ನ ಕಡೆ ನೋಡಿದರು. "ಲೋಟ ಎಲ್ಲಿ?"

ಓಡಿಹೋಗಿ ಕಿಟಕಿಯಿಂದ ಲೋಟ ತಂದೆ. ತೊಳೆಯುವುದು ಮರೆತು ತಂದಿದ್ದೆ, ದೂಳಿತ್ತು. ಅವರು ದುಪಟ್ಟಾದ ತುದಿಯಲ್ಲಿ ಒರೆಸಿ ಚಾ ಹಾಕಿದರು. ನಿಂತೇ ಕುಡಿದೆವು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಕ್ಷಮಿಸಿ ಎಂದು ಕೇಳಲು ನನಗೂ ಬಾಯಿ ಬರಲಿಲ್ಲ. ಐದೂವರೆಗೆ ಬುತ್ತಿ ಚೀಲ ಹಿಡಿದು ಸ್ಟೇಷನ್ನಿಗೆ ಹೊರಟರು.

ಯಂತ್ರಗಳನ್ನು ಗುಜರಿಯವರು ಒಯ್ದರು. ಕುರ್ಚಿಯನ್ನೂ ಒಯ್ಯಲು ಬಂದಾಗ ನಾನು ಜಗಳ ಆಡಿ ಉಳಿಸಿಕೊಂಡೆ. ಅದು ಈಗ ಜನರೇಟರ್ ಕೋಣೆಯಲ್ಲಿದೆ. ನಾನು ಮಂಚದ ಮೇಲೆ ಕೂಡುತ್ತೇನೆ. ಅದರಲ್ಲಿ ಯಾರೂ ಕೂಡುವುದಿಲ್ಲ.